ತೋಟದ ಸೆನ್ಸರ್‌ನಿಂದ ತಿಂಗಳ ವರದಿಯವರೆಗೆ: ಡೇಟಾ ಇಳಿಸಿ, ಸೋಸಿ, ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಹೊಸದಲ್ಲ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಬರೆದಿಡುವ ರೂಢಿ ಎಷ್ಟೋ ಕಾಫಿ ಎಸ್ಟೇಟ್‌ಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಈಗ ಅದೇ ತೋಟಗಳಲ್ಲಿ ಸೆನ್ಸರ್‌ಗಳ ಅಂಕಿಗಳನ್ನು ವೈಫೈ ಮೂಲಕ ಕಳಿಸುವ ಇಎಸ್‌ಪಿ32 ಬೋರ್ಡ್, ಟಿಪ್ಪಿಂಗ್ ಬಕೆಟ್ ಮಳೆಮಾಪಕ, ಗಾಳಿಯ ಉಷ್ಣಾಂಶ ಮತ್ತು ತೇವಾಂಶ ಅಳೆಯುವ ಡಿಎಚ್‌ಟಿ22, ಮಣ್ಣಿನ ತೇವದ ಸೆನ್ಸರ್ ಇವೆಲ್ಲ ಬಂದಿವೆ. ಸೆನ್ಸರ್‌ಗಳ ದಾಖಲೆಯನ್ನು ಇಂಟರ್‌ನೆಟ್‌ನಲ್ಲಿ ಕೂಡಿಡುವ ಥಿಂಗ್‌ಸ್ಪೀಕ್‌ನಂಥ ಸೇವೆಗೆ ಜೋಡಿಸಿದರೆ ಮೊಬೈಲ್‌ನಲ್ಲೇ ಗ್ರಾಫ್ ಕಾಣುತ್ತದೆ.

ಆದರೆ ಗ್ರಾಫ್ ನೋಡುವುದು ಬೇರೆ, ತಿಂಗಳ ಕೊನೆಗೆ ನಾಲ್ಕು ಜನರ ಮುಂದಿಡಬಹುದಾದ ಲೆಕ್ಕ ಬೇರೆ. ಡೌನ್‌ಲೋಡ್ ಗುಂಡಿ ಒತ್ತಿದ ಕೂಡಲೇ ಸಿಗುವ ಫೈಲ್‌ನಲ್ಲಿ ಸಮಯ ಬೇರೆ ದೇಶದ್ದಿರುತ್ತದೆ, ಕೆಟ್ಟ ರೀಡಿಂಗ್ ಒಳ್ಳೆಯದರ ಜೊತೆ ಬೆರೆತಿರುತ್ತದೆ, ಕರೆಂಟ್ ಹೋದ ರಾತ್ರಿಯ ಮಳೆ ಸೊನ್ನೆಯಂತೆ ಕಾಣುತ್ತದೆ. ಮಳೆ ಬಾರದಿರುವುದು ಮತ್ತು ಮಳೆ ದಾಖಲಾಗದಿರುವುದು ಎರಡೂ ಒಂದೇ ಅಲ್ಲ ಎಂಬುದನ್ನು ಕೊನೆಯ ಕೋಷ್ಟಕದವರೆಗೂ ಕಾಪಾಡಿಕೊಂಡು ಹೋಗುವುದೇ ಈ ಕೆಲಸದ ತಿರುಳು. ಕೆಳಗಿನ ಹಂತಗಳನ್ನು ಥಿಂಗ್‌ಸ್ಪೀಕ್ ಮತ್ತು ಎಕ್ಸೆಲ್ ಇಟ್ಟುಕೊಂಡು ವಿವರಿಸಿದ್ದೇನೆ. ಬೇರೆ ಸೇವೆ ಬಳಸುವವರಿಗೆ ಮೆನುಗಳ ಹೆಸರು ಬದಲಾಗಬಹುದು, ಕೆಲಸದ ಕ್ರಮ ಬದಲಾಗುವುದಿಲ್ಲ.

ಹಂತ 1: ಸಾಧನ ಏನನ್ನು ಕಳಿಸುತ್ತಿದೆ ಎಂದು ಮೊದಲು ತಿಳಿದುಕೊಳ್ಳಿ

ಥಿಂಗ್‌ಸ್ಪೀಕ್‌ನ ಒಂದು ಚಾನೆಲ್‌ನಲ್ಲಿ ಗರಿಷ್ಠ ಎಂಟು ಫೀಲ್ಡ್‌ಗಳು, ಅಂದರೆ ಅಳತೆಯ ಕಾಲಂಗಳು, ಇರುತ್ತವೆ. ಇಳಿಸಿದ ಫೈಲ್‌ನಲ್ಲಿ ಅವು ಬರುವುದು ಫೀಲ್ಡ್1, ಫೀಲ್ಡ್2 ಎಂಬ ಹೆಸರಿನಲ್ಲಿ. ಯಾವುದು ಯಾವ ಸೆನ್ಸರ್, ಅಳತೆಯ ಮಾನ ಏನು ಎಂಬುದನ್ನು ಇಂದೇ ಒಂದು ಹಾಳೆಯಲ್ಲಿ ಬರೆದಿಡಿ. ಸೆನ್ಸರ್‌ನ ಮಾದರಿ, ನೆಲದಿಂದ ಎಷ್ಟು ಎತ್ತರದಲ್ಲಿದೆ, ಮಣ್ಣಿನಲ್ಲಿ ಎಷ್ಟು ಆಳಕ್ಕೆ ಹೂತಿದ್ದೀರಿ, ಯಾವಾಗ ಬದಲಾಯಿಸಿದಿರಿ ಎಂಬುದೂ ಅದರಲ್ಲಿರಲಿ. ಆರು ತಿಂಗಳ ನಂತರ ಗ್ರಾಫ್‌ನಲ್ಲಿ ಒಂದು ಕಡೆ ದಿಢೀರನೆ ಏರಿಕೆ ಕಂಡಾಗ ಅದು ಹವೆಯೋ ಹೊಸ ಸೆನ್ಸರ್ರೋ ಎಂದು ಹೇಳುವುದು ಈ ಹಾಳೆ ಮಾತ್ರ.

ಮಳೆಯ ವಿಷಯದಲ್ಲಿ ಒಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಟಿಪ್ಪಿಂಗ್ ಬಕೆಟ್‌ನೊಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೊಮ್ಮೆ ಒಂದು ಎಣಿಕೆ ದಾಖಲಾಗುತ್ತದೆ. ಮಾದರಿಗೆ ತಕ್ಕಂತೆ ಒಂದು ಮಗುಚಿಗೆ 0.2 ಮಿಲಿಮೀಟರ್ ಅಥವಾ 0.2794 ಮಿಲಿಮೀಟರ್ ಮಳೆ. ನಿಮ್ಮ ಬೋರ್ಡ್ ಪ್ರತಿ ಸಲವೂ ಕಳೆದ ಹತ್ತು ನಿಮಿಷದ ಎಣಿಕೆಯನ್ನಷ್ಟೇ ಕಳಿಸುತ್ತಿದೆಯೋ, ಅಥವಾ ಮೊದಲಿನಿಂದ ಕೂಡಿಬಂದ ಒಟ್ಟು ಎಣಿಕೆಯನ್ನೋ?

ಮೊದಲನೆಯ ಕ್ರಮದಲ್ಲಿ ಒಂದು ಸಂದೇಶ ತಪ್ಪಿದರೆ ಅಷ್ಟು ಮಳೆ ಲೆಕ್ಕದಿಂದಲೇ ಹೋಯಿತು. ಜೋರು ಮಳೆ ಬಂದಾಗಲೇ ನೆಟ್‌ವರ್ಕ್ ಹೋಗುವ ಊರುಗಳಲ್ಲಿ ಇದು ಸಣ್ಣ ನಷ್ಟವಲ್ಲ. ಎರಡನೆಯ ಕ್ರಮದಲ್ಲಿ ರಾತ್ರಿ ಎರಡರಿಂದ ಆರರವರೆಗೆ ಸಂಪರ್ಕ ಕಡಿದರೂ ಬೋರ್ಡ್ ಎಣಿಸುತ್ತಲೇ ಇರುತ್ತದೆ, ಆರು ಗಂಟೆಯ ರೀಡಿಂಗ್‌ನಿಂದ ಎರಡು ಗಂಟೆಯದನ್ನು ಕಳೆದರೆ ನಡುವಿನ ಮಳೆ ಸಿಗುತ್ತದೆ. ಬೋರ್ಡ್‌ನ ಪ್ರೋಗ್ರಾಂ ನಿಮ್ಮ ಕೈಯಲ್ಲಿದ್ದರೆ ಒಟ್ಟು ಎಣಿಕೆಯನ್ನೇ ಕಳಿಸಿ. ಕರೆಂಟ್ ಹೋಗಿ ಬಂದಾಗ ಎಣಿಕೆ ಸೊನ್ನೆಗೆ ಇಳಿಯದಂತೆ ಬೋರ್ಡ್‌ನ ಫ್ಲ್ಯಾಶ್ ಮೆಮೊರಿಯಲ್ಲಿ ಆಗಾಗ ಉಳಿಸಿ.

ಹಂತ 2: ಫೈಲ್ ಇಳಿಸುವುದು

ಥಿಂಗ್‌ಸ್ಪೀಕ್‌ನಲ್ಲಿ ನಿಮ್ಮ ಚಾನೆಲ್ ತೆರೆದು 'ಡೇಟಾ ಇಂಪೋರ್ಟ್/ಎಕ್ಸ್‌ಪೋರ್ಟ್' ಪುಟಕ್ಕೆ ಹೋಗಿ. 'ಎಕ್ಸ್‌ಪೋರ್ಟ್' ಭಾಗದಲ್ಲಿರುವ 'ಡೌನ್‌ಲೋಡ್' ಒತ್ತಿದರೆ ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಕೋಷ್ಟಕ) ಸಿಗುತ್ತದೆ. ತೆರೆದ ಕೂಡಲೇ ಮೊದಲ ಸಾಲಿನ ದಿನಾಂಕ ಮತ್ತು ಕೊನೆಯ ಸಾಲಿನ ದಿನಾಂಕ ನೋಡಿ. ನಿಮಗೆ ಬೇಕಾದ ಅವಧಿ ಅದರೊಳಗೆ ಪೂರ್ತಿ ಇದೆಯೇ?

ನಿರ್ದಿಷ್ಟ ತಿಂಗಳು ಮಾತ್ರ ಬೇಕೆಂದರೆ ಎಪಿಐ ವಿಳಾಸದ (ದತ್ತಾಂಶವನ್ನು ನೇರವಾಗಿ ಕೇಳುವ ವೆಬ್ ವಿಳಾಸ) ಮೂಲಕ ಕೇಳುವುದು ಅನುಕೂಲ. ಚಾನೆಲ್‌ನ 'ಎಪಿಐ ಕೀಸ್' ಪುಟದಲ್ಲೇ ಮಾದರಿ ವಿಳಾಸ ಕೊಟ್ಟಿರುತ್ತಾರೆ. ಅದರಲ್ಲಿ ಜೇಸನ್ ಎಂದಿರುವ ಕಡೆ ಸಿಎಸ್‌ವಿ ಎಂದು ಬದಲಿಸಿ, ಸ್ಟಾರ್ಟ್, ಎಂಡ್, ಟೈಮ್‌ಝೋನ್ ಎಂಬ ಮೂರು ಮೌಲ್ಯ ಸೇರಿಸಿದರೆ ಬ್ರೌಸರ್‌ನಲ್ಲೇ ಫೈಲ್ ಇಳಿಯುತ್ತದೆ. ಖಾಸಗಿ ಚಾನೆಲ್ ಆದರೆ ರೀಡ್ ಕೀ (ಓದಲು ಮಾತ್ರ ಬಿಡುವ ಗುಪ್ತಸಂಕೇತ) ಬೇಕು. ರೈಟ್ ಕೀಯನ್ನು ಯಾರಿಗೂ ಕೊಡಬೇಡಿ, ಅದು ಸಿಕ್ಕವರು ನಿಮ್ಮ ಚಾನೆಲ್‌ಗೆ ಏನನ್ನು ಬೇಕಾದರೂ ಬರೆಯಬಹುದು.

ಇಲ್ಲಿ ಗಮನಿಸಲೇಬೇಕಾದ ಮಿತಿಯೊಂದಿದೆ: ಒಂದು ಸಲಕ್ಕೆ ಗರಿಷ್ಠ 8,000 ಸಾಲು. ಹತ್ತು ನಿಮಿಷಕ್ಕೊಂದು ರೀಡಿಂಗ್ ಆದರೆ ದಿನಕ್ಕೆ 144, 31 ದಿನಕ್ಕೆ 4,464, ತೊಂದರೆ ಇಲ್ಲ. ಐದು ನಿಮಿಷಕ್ಕೊಂದು ಆದರೆ ದಿನಕ್ಕೆ 288, 30 ದಿನಕ್ಕೆ 8,640. ಮಿತಿ ದಾಟಿತು. ಎರಡು ದಿನಕ್ಕೂ ಹೆಚ್ಚಿನ ದಾಖಲೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಾಗಾಗಿ ತಿಂಗಳನ್ನು ಎರಡು ಭಾಗ ಮಾಡಿ ಇಳಿಸಿ. ಸಾಲುಗಳ ಸಂಖ್ಯೆ ಸರಿಯಾಗಿ 8,000 ಎಂದು ಕಂಡರೆ ಏನೋ ಕತ್ತರಿಸಿಹೋಗಿದೆ ಎಂದೇ ತಿಳಿಯಿರಿ.

ಇಳಿಸಿದ ಮೂಲ ಫೈಲ್‌ಗೆ ಚಾನೆಲ್ ಹೆಸರು, ವರ್ಷ, ತಿಂಗಳು ಸೇರಿಸಿ ಹೆಸರಿಟ್ಟು ಬೇರೆ ಫೋಲ್ಡರ್‌ನಲ್ಲಿ ಇಡಿ. ಅದನ್ನು ತಿದ್ದಬೇಡಿ. ಎಲ್ಲ ಕೆಲಸವೂ ಪ್ರತಿಯ ಮೇಲೆ ನಡೆಯಲಿ.

ಹಂತ 3: ಎಕ್ಸೆಲ್‌ನಲ್ಲಿ ಕೆಡದಂತೆ ತೆರೆಯುವುದು

ಸಿಎಸ್‌ವಿ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ತನ್ನ ಊಹೆಯಂತೆ ದಿನಾಂಕಗಳನ್ನು ಅರ್ಥ ಮಾಡಿಕೊಳ್ಳುತ್ತದೆ. ನೀವು ಕಾಲಂಗಳಿಗೆ ಕನ್ನಡದಲ್ಲಿ ಹೆಸರು ಕೊಟ್ಟಿದ್ದರೆ ಆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುವುದೂ ಉಂಟು. ಅದರ ಬದಲು ಖಾಲಿ ಹಾಳೆ ತೆರೆದು, 'ಡೇಟಾ' ಮೆನುವಿನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಆರಿಸಿ ಫೈಲ್ ತೋರಿಸಿ. ಕಿಟಕಿ ತೆರೆದಾಗ 'ಫೈಲ್ ಒರಿಜಿನ್' ಎಂಬಲ್ಲಿ '65001: ಯೂನಿಕೋಡ್ (ಯುಟಿಎಫ್-8)' ಆರಿಸಿ, ದತ್ತಾಂಶದ ಬಗೆಯನ್ನು ತಾನೇ ಗುರುತಿಸದಂತೆ ಹೇಳಿ. ನಂತರ 'ಟ್ರಾನ್ಸ್‌ಫಾರ್ಮ್ ಡೇಟಾ' ಒಳಹೊಕ್ಕು ಸಂಖ್ಯೆಯ ಕಾಲಂಗಳನ್ನು ಮಾತ್ರ 'ಡೆಸಿಮಲ್ ನಂಬರ್' ಎಂದು ಗುರುತಿಸಿ. ಸಮಯದ ಕಾಲಂ ಪಠ್ಯವಾಗಿಯೇ ಇರಲಿ, ಅದನ್ನು ಮುಂದಿನ ಹಂತದಲ್ಲಿ ನಾವೇ ಪರಿವರ್ತಿಸುತ್ತೇವೆ. ಕನ್ನಡ ಇರುವ ಹಾಳೆಯನ್ನು ಮತ್ತೆ ಸಿಎಸ್‌ವಿ ಆಗಿ ಉಳಿಸುವಾಗಲೂ 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆಯನ್ನೇ ಬಳಸಿ.

ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು ಹಿಡಿಸುತ್ತದೆ. ನಿಮಿಷಕ್ಕೊಂದು ರೀಡಿಂಗ್ ಕಳಿಸುವ ಸಾಧನ ವರ್ಷಕ್ಕೆ 5,25,600 ಸಾಲು ತುಂಬಿಸುತ್ತದೆ, ಎರಡು ವರ್ಷದ್ದು ಒಂದೇ ಹಾಳೆಯಲ್ಲಿ ಕೂರುವುದಿಲ್ಲ. ತೋಟದ ಕೆಲಸಕ್ಕೆ ಹತ್ತು ನಿಮಿಷದ ಅಂತರ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ.

ಹಂತ 4: ಸಮಯವನ್ನು ನಮ್ಮ ಸಮಯಕ್ಕೆ ತರುವುದು

ಹೆಚ್ಚಿನ ವರದಿಗಳು ಹಾಳಾಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಫೈಲ್‌ನ ಒಂದು ಸಾಲು ಹೀಗಿದೆ ಎಂದುಕೊಳ್ಳಿ:

2025-06-14 19:40:07 ಯುಟಿಸಿ, 48213, 22.6, 97.8, 1842

ಮೊದಲನೆಯದು ಸಮಯ, ಎರಡನೆಯದು ದಾಖಲೆಯ ಕ್ರಮಸಂಖ್ಯೆ, ನಂತರ ಉಷ್ಣಾಂಶ, ಗಾಳಿಯ ತೇವಾಂಶ, ಮಳೆಮಾಪಕದ ಒಟ್ಟು ಎಣಿಕೆ. ಯುಟಿಸಿ ಎಂದರೆ ಅಂತರರಾಷ್ಟ್ರೀಯ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಈ ರೀಡಿಂಗ್ ಬಂದಿದ್ದು ಜೂನ್ 14ರ ಸಂಜೆಯಲ್ಲ, ಜೂನ್ 15ರ ನಡುರಾತ್ರಿ ಕಳೆದು 1 ಗಂಟೆ 10 ನಿಮಿಷಕ್ಕೆ. ಇಳಿಸುವಾಗಲೇ ಟೈಮ್‌ಝೋನ್ ಜಾಗದಲ್ಲಿ ಏಷ್ಯಾ/ಕೋಲ್ಕತ್ತಾ ಕೊಟ್ಟಿದ್ದರೆ ಸಮಯದ ಕೊನೆಗೆ +05:30 ಎಂದಿರುತ್ತದೆ, ಆಗ ಮತ್ತೆ ಸೇರಿಸಬಾರದು. ಎರಡು ಸಲ ಐದೂವರೆ ಗಂಟೆ ಸೇರಿಸಿದ ಹಾಳೆಯಲ್ಲಿ ಸೂರ್ಯ ಸಂಜೆ ನೆತ್ತಿಗೇರುತ್ತಾನೆ. ಇದನ್ನು ಪರೀಕ್ಷಿಸಲು ಸುಲಭದ ದಾರಿಯೂ ಅದೇ. ಬಿಸಿಲಿನ ಒಂದು ದಿನದ ಉಷ್ಣಾಂಶ ನೋಡಿ, ಅತಿ ಹೆಚ್ಚು ಮಧ್ಯಾಹ್ನ ಎರಡು ಮೂರು ಗಂಟೆಯ ಸುಮಾರಿಗೆ, ಅತಿ ಕಡಿಮೆ ಸೂರ್ಯ ಹುಟ್ಟುವ ಹೊತ್ತಿಗೆ ಬಂದಿದ್ದರೆ ಗಡಿಯಾರ ಸರಿ ಇದೆ.

ಎಕ್ಸೆಲ್‌ನಲ್ಲಿ ಲೆಫ್ಟ್ ಫಂಕ್ಷನ್‌ನಿಂದ ಪಠ್ಯದ ಮೊದಲ ಹತ್ತು ಅಕ್ಷರ ತೆಗೆದು ಡೇಟ್‌ವ್ಯಾಲ್ಯೂಗೆ ಕೊಡಿ. ಮಿಡ್ ಫಂಕ್ಷನ್‌ನಿಂದ ಹನ್ನೆರಡನೆಯ ಅಕ್ಷರದಿಂದ ಎಂಟು ಅಕ್ಷರ ತೆಗೆದು ಟೈಮ್‌ವ್ಯಾಲ್ಯೂಗೆ ಕೊಡಿ. ಎರಡನ್ನೂ ಕೂಡಿಸಿ, ಫೈಲ್ ಯುಟಿಸಿಯಲ್ಲಿದ್ದರೆ ಮಾತ್ರ ಟೈಮ್ ಫಂಕ್ಷನ್‌ನಿಂದ 5 ಗಂಟೆ 30 ನಿಮಿಷ ಸೇರಿಸಿ. ಈ ಹೊಸ ಕಾಲಂಗೆ 'ಭಾರತೀಯ ಸಮಯ' ಎಂದೇ ಹೆಸರಿಡಿ.

ಇನ್ನೊಂದು ಸೂಕ್ಷ್ಮ. ಬೋರ್ಡ್ ತಾನೇ ಸಮಯ ಕಳಿಸದಿದ್ದರೆ ದಾಖಲಾಗುವುದು ಸಂದೇಶ ಸರ್ವರ್ ತಲುಪಿದ ಸಮಯ. ನೆಟ್‌ವರ್ಕ್ ಇಲ್ಲದಾಗ ರೀಡಿಂಗ್‌ಗಳನ್ನು ಕೂಡಿಟ್ಟು ಆಮೇಲೆ ಒಟ್ಟಿಗೆ ಕಳಿಸುವ ವ್ಯವಸ್ಥೆ ಮಾಡಿದ್ದರೆ ಪ್ರತಿ ರೀಡಿಂಗ್ ಜೊತೆಗೂ ಅದರದೇ ಸಮಯ ಹೋಗಬೇಕು. ಅದಕ್ಕೆ ಡಿಎಸ್3231ನಂಥ ಗಡಿಯಾರದ ಮಾಡ್ಯೂಲ್ ಸಾಕು, ಅದು ವರ್ಷಕ್ಕೆ ಸುಮಾರು ಒಂದು ನಿಮಿಷದಷ್ಟು ಮಾತ್ರ ಹಿಂದೆ ಮುಂದೆ ಆಗುತ್ತದೆ.

ಈಗ ದಿನ ಎಂದರೇನು ಎಂಬ ಪ್ರಶ್ನೆ. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೈನಂದಿನ ಮಳೆ ವರದಿಯೂ ಇದೇ ಕ್ರಮದ್ದು. ಜೂನ್ 15ರ ಮಳೆ ಎಂದರೆ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಥಿಂಗ್‌ಸ್ಪೀಕ್‌ನಲ್ಲಿ ದಿನದ ಮೊತ್ತ ಕೊಡುವ ಸೌಲಭ್ಯವಿದ್ದರೂ ಅದರ ದಿನ ನಡುರಾತ್ರಿಗೆ ಬದಲಾಗುತ್ತದೆ. ಆ ಮೊತ್ತವನ್ನು ಹೋಬಳಿಯ ಮಳೆಯ ಜೊತೆಗೋ ತಾತನ ಕಾಲದ ಪುಸ್ತಕದ ಜೊತೆಗೋ ಹೋಲಿಸಿದರೆ ಎರಡೂ ತಾಳೆಯಾಗುವುದಿಲ್ಲ. ಮಳೆ ಹೆಚ್ಚು ಬೀಳುವ ರಾತ್ರಿಯೇ ಎರಡು ತುಂಡಾಗಿ ಹೋಗುತ್ತದೆ.

ಪರಿಹಾರ ಸರಳ. 'ಮಳೆ ದಿನಾಂಕ' ಎಂಬ ಇನ್ನೊಂದು ಕಾಲಂ ಮಾಡಿ, ಭಾರತೀಯ ಸಮಯದಿಂದ 8 ಗಂಟೆ 30 ನಿಮಿಷ ಕಳೆದು, ಇಂಟ್ ಫಂಕ್ಷನ್‌ನಿಂದ ದಿನಾಂಕವನ್ನಷ್ಟೇ ಉಳಿಸಿಕೊಂಡು, ಒಂದು ಸೇರಿಸಿ. ಜೂನ್ 14ರ ಬೆಳಿಗ್ಗೆ 8.50ರ ರೀಡಿಂಗ್ ಜೂನ್ 15ಕ್ಕೆ ಸೇರುತ್ತದೆ, 8.10ರದ್ದು 14ಕ್ಕೇ ಉಳಿಯುತ್ತದೆ. ಇಂಥ ನಾಲ್ಕಾರು ಸಾಲುಗಳನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಿ, ಆಮೇಲೆ ಸೂತ್ರವನ್ನು ಕೆಳಗಿನವರೆಗೆ ಎಳೆಯಿರಿ.

ಹಂತ 5: ಸೋಸುವುದು

ಕೆಟ್ಟ ರೀಡಿಂಗ್‌ಗಳಿಗೆ ತಮ್ಮದೇ ಗುರುತುಗಳಿರುತ್ತವೆ. ಡಿಎಚ್‌ಟಿ22 ಓದಲು ವಿಫಲವಾದಾಗ ಸಂಖ್ಯೆಯ ಬದಲು 'ನ್ಯಾನ್' ಎಂಬ ಪದ ಬರುತ್ತದೆ. ಮಣ್ಣಿನ ಅಥವಾ ನೀರಿನ ಉಷ್ಣಾಂಶಕ್ಕೆ ಬಳಸುವ ಡಿಎಸ್18ಬಿ20 ಆನ್ ಆದ ಕೂಡಲೇ, ಅಳತೆ ಮುಗಿಯುವ ಮುಂಚೆ ಓದಿದರೆ 85 ಡಿಗ್ರಿ ಎನ್ನುತ್ತದೆ, ತಂತಿ ಬಿಟ್ಟುಹೋಗಿದ್ದರೆ ಅದರ ಸಾಮಾನ್ಯ ಲೈಬ್ರರಿ ಮೈನಸ್ 127 ಕೊಡುತ್ತದೆ. ಇವೆರಡು ಸಂಖ್ಯೆಗಳು ಒಂದೇ ಒಂದು ಸಲ ಬಂದರೂ ಆ ದಿನದ ಗರಿಷ್ಠ, ಕನಿಷ್ಠ ಎರಡೂ ಕೆಟ್ಟವು ಎಂದೇ ಅರ್ಥ. ಇಂಥವನ್ನು ಅಳಿಸುವ ಬದಲು ಪಕ್ಕದಲ್ಲಿ 'ಸೋಸಿದ ಉಷ್ಣಾಂಶ' ಎಂಬ ಕಾಲಂ ಮಾಡಿ, ಕೆಟ್ಟದ್ದಿದ್ದಲ್ಲಿ ಜಾಗವನ್ನು ಬರಿದಾಗಿ ಬಿಡಿ. ಸೊನ್ನೆ ಹಾಕಬೇಡಿ. ಬರಿದಾದ ಕೋಶ ಸರಾಸರಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಸೊನ್ನೆ ಬರುತ್ತದೆ.

ಮಳೆಯ ಒಟ್ಟು ಎಣಿಕೆಯಿಂದ ಪ್ರತಿ ಸಾಲಿನ ಮಳೆ ತೆಗೆಯಲು ಈ ಸಾಲಿನ ಎಣಿಕೆಯಿಂದ ಹಿಂದಿನ ಸಾಲಿನದನ್ನು ಕಳೆದು 0.2ರಿಂದ (ನಿಮ್ಮ ಮಾಪಕ 0.2794ರದ್ದಾದರೆ ಅದರಿಂದ) ಗುಣಿಸಿ. ವ್ಯತ್ಯಾಸ ಋಣವಾಗಿ ಬಂದರೆ ಬೋರ್ಡ್ ಮರುಪ್ರಾರಂಭವಾಗಿದೆ, ಆಗ ಹೊಸ ಎಣಿಕೆಯನ್ನೇ ವ್ಯತ್ಯಾಸವೆಂದು ತೆಗೆದುಕೊಳ್ಳಿ. ಮಾಪಕವನ್ನು ಸ್ವಚ್ಛ ಮಾಡುವಾಗ ಬಟ್ಟಲು ಅಲುಗಾಡಿ ಸುಳ್ಳು ಮಳೆ ದಾಖಲಾಗುತ್ತದೆ, ಸ್ವಚ್ಛ ಮಾಡಿದ ದಿನ, ಸಮಯವನ್ನು ಮೊದಲ ಹಂತದ ಹಾಳೆಯಲ್ಲಿ ಬರೆದಿದ್ದರೆ ಅದನ್ನು ಗುರುತಿಸಿ ತೆಗೆಯಬಹುದು. ಇದಕ್ಕೆ ಉಲ್ಟಾ ಆಗುವುದೂ ಇದೆ: ತರಗೆಲೆ ಬಿದ್ದು ಆಲಿಕೆಯ ತೂತು ಕಟ್ಟಿಕೊಂಡಾಗ ಸುರಿಯುವ ಮಳೆ ಜಿನುಗಿನಂತೆ, ಮಳೆ ನಿಂತ ಮೇಲೂ ಗಂಟೆಗಟ್ಟಲೆ ಒಂದೇ ಸಮನೆ ದಾಖಲಾಗುತ್ತದೆ. ಆ ಸಮತಟ್ಟಾದ ಸಾಲುಗಳನ್ನು ಕಂಡರೆ ಹಾಳೆ ಬಿಟ್ಟು ಮಾಪಕದ ಹತ್ತಿರ ಹೋಗಿ.

ಮಣ್ಣಿನ ತೇವದ ಕಡಿಮೆ ಬೆಲೆಯ ಕೆಪ್ಯಾಸಿಟಿವ್ ಸೆನ್ಸರ್ ಕೊಡುವುದು ಬರಿಯ ಸಂಕೇತದ ಅಂಕಿ. ಇಎಸ್‌ಪಿ32ನಲ್ಲಿ ಅದು 0ಯಿಂದ 4095ರೊಳಗೆ ಇರುತ್ತದೆ, ಸಾಮಾನ್ಯವಾಗಿ ಮಣ್ಣು ಒಣಗಿದಷ್ಟೂ ಅಂಕಿ ಹೆಚ್ಚು. ಒಣ ಗಾಳಿಯ ಅಂಕಿಯನ್ನು ಸೊನ್ನೆ, ಲೋಟದ ನೀರಿನ ಅಂಕಿಯನ್ನು ನೂರು ಮಾಡಿ ಶೇಕಡಾ ಬರೆಯುವುದು ರೂಢಿ, ಆದರೆ ಅದು ಮಣ್ಣಿನಲ್ಲಿರುವ ನೀರಿನ ನಿಜವಾದ ಪ್ರಮಾಣವಲ್ಲ. ನಿಮ್ಮದೇ ತೋಟದ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ ಹೋಲಿಸುವವರೆಗೆ ವರದಿಯಲ್ಲಿ 'ಏರಿದೆ', 'ಇಳಿದಿದೆ' ಎನ್ನುವುದಷ್ಟೇ ಪ್ರಾಮಾಣಿಕ.

ಹಂತ 6: ದಿನದ ಕೋಷ್ಟಕ

ಎಕ್ಸೆಲ್‌ನ ಪಿವೊಟ್ ಟೇಬಲ್‌ನಲ್ಲಿ (ಸಾಲುಗಳನ್ನು ಗುಂಪು ಮಾಡಿ ಮೊತ್ತ, ಸರಾಸರಿ ತೆಗೆಯುವ ಸೌಲಭ್ಯ) 'ಮಳೆ ದಿನಾಂಕ'ವನ್ನು ಸಾಲುಗಳ ಜಾಗಕ್ಕೆ ಎಳೆಯಿರಿ. ಮಳೆಗೆ ಮೊತ್ತ, ಉಷ್ಣಾಂಶಕ್ಕೆ ಸರಾಸರಿ, ಗರಿಷ್ಠ, ಕನಿಷ್ಠ, ತೇವಾಂಶಕ್ಕೆ ಸರಾಸರಿ. ಮಳೆಗೆ ಎಂದೂ ಸರಾಸರಿ ಹಾಕಬೇಡಿ, ಪಿವೊಟ್ ಬದಲಾಯಿಸುವಾಗ ಕಣ್ತಪ್ಪಿನಿಂದ ಆಗುವುದುಂಟು. ಜೊತೆಗೆ ರೀಡಿಂಗ್‌ಗಳ ಎಣಿಕೆ ಎಂಬ ಕಾಲಂ ಕಡ್ಡಾಯವಾಗಿ ಇರಲಿ. ಹತ್ತು ನಿಮಿಷದ ಅಂತರದಲ್ಲಿ 144 ಇರಬೇಕಾದಲ್ಲಿ 61 ಇದ್ದರೆ ಆ ದಿನದ ಸರಾಸರಿ ಉಷ್ಣಾಂಶ ಅರ್ಧ ದಿನದ್ದು. ನಾನು 115ಕ್ಕಿಂತ ಕಡಿಮೆ ಇರುವ ದಿನಗಳನ್ನು ಅಪೂರ್ಣ ಎಂದು ಗುರುತಿಸುತ್ತೇನೆ. ನೀವು ಬೇರೆ ಗಡಿ ಇಟ್ಟುಕೊಳ್ಳಬಹುದು, ಯಾವುದೆಂದು ವರದಿಯಲ್ಲಿ ಬರೆಯಿರಿ.

ಒಂದೂ ರೀಡಿಂಗ್ ಇಲ್ಲದ ದಿನ ಪಿವೊಟ್‌ನಲ್ಲಿ ಕಾಣಿಸುವುದೇ ಇಲ್ಲ. 30 ದಿನದ ತಿಂಗಳಿಗೆ 27 ಸಾಲು ಬಂದು ಯಾರಿಗೂ ಗೊತ್ತಾಗದೆ ಹೋಗುತ್ತದೆ. ಅದಕ್ಕಾಗಿ ತಿಂಗಳ ಎಲ್ಲ ದಿನಾಂಕಗಳನ್ನೂ ಬೇರೆ ಹಾಳೆಯಲ್ಲಿ ಬರೆದು, ವಿಲುಕಪ್ ಮೂಲಕ ಪಿವೊಟ್‌ನಿಂದ ಅಂಕಿ ತನ್ನಿ, ಸಿಗದ ದಿನಕ್ಕೆ ಅಡ್ಡಗೆರೆ ಬರಲಿ. ತಿಂಗಳ ಮೊತ್ತದ ಕೆಳಗೆ '27 ದಿನಗಳ ಮಳೆ, 3 ದಿನ ದಾಖಲೆ ಇಲ್ಲ' ಎಂದು ಬರೆಯಿರಿ. ಪಕ್ಕದ ತೋಟದ ಮಳೆ ಹಾಕಿ ತುಂಬಿಸಿದ್ದರೆ ಅದನ್ನೂ ಹೇಳಿ. ಎಣಿಕೆ ಒಟ್ಟಾಗಿ ಬರುವ ಸಾಧನದಲ್ಲಿ ಸಂಪರ್ಕ ಕಡಿದ ಹೊತ್ತು ಬೆಳಿಗ್ಗೆ 8.30ನ್ನು ದಾಟಿದ್ದರೆ ಎರಡು ದಿನದ ಮಳೆಯನ್ನು ಬೇರ್ಪಡಿಸಲು ಸಾಧ್ಯವಿಲ್ಲ, 'ಎರಡು ದಿನ ಸೇರಿ' ಎಂದು ಒಂದೇ ಅಂಕಿ ಕೊಡಿ.

ಮಿಲಿಮೀಟರ್ ಪಕ್ಕದಲ್ಲಿ ಇಂಚು-ಸೆಂಟ್ ಕಾಲಂ ಇಟ್ಟರೆ ಹಿರಿಯರು ಒಂದೇ ನೋಟಕ್ಕೆ ಓದುತ್ತಾರೆ. ಒಂದು ಇಂಚು 25.4 ಮಿಲಿಮೀಟರ್, ಅದರ ನೂರರಲ್ಲಿ ಒಂದು ಭಾಗ ಸೆಂಟ್. 68.6 ಮಿಲಿಮೀಟರ್ ಎಂದರೆ ಎರಡು ಇಂಚು 70 ಸೆಂಟ್.

ಹಂತ 7: ಕೋಷ್ಟಕದಿಂದ ಪ್ರಶ್ನೆಗಳಿಗೆ

ವರದಿ ಯಾರಿಗಾಗಿ ಎಂಬುದರ ಮೇಲೆ ಮುಂದಿನದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ದಿನ ಮಳೆಯ ದಿನ, 64.5ರಿಂದ 115.5ರವರೆಗೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ. ಕೌಂಟ್‌ಇಫ್ ಫಂಕ್ಷನ್‌ನಿಂದ ಈ ದಿನಗಳನ್ನು ಎಣಿಸಿ.

ಅಡಿಕೆ ಬೆಳೆಗಾರರಿಗೆ ಹತ್ತು ನಿಮಿಷದ ದಾಖಲೆಯಲ್ಲಿ ಇದಕ್ಕಿಂತ ಬೆಲೆಬಾಳುವುದಿದೆ. ಕೊಳೆ ರೋಗ ಹರಡುವುದು ಬಿಡದ ಮಳೆ, ತಂಪು, ಶೇಕಡಾ 90ಕ್ಕಿಂತ ಹೆಚ್ಚಿನ ತೇವಾಂಶ ಒಟ್ಟಿಗೆ ಸೇರಿದಾಗ. ತೇವಾಂಶ 90 ದಾಟಿದ ರೀಡಿಂಗ್‌ಗಳನ್ನು ದಿನವಾರು ಎಣಿಸಿ ಆರರಿಂದ ಭಾಗಿಸಿದರೆ ಎಷ್ಟು ಗಂಟೆ ಎಂದು ಸಿಗುತ್ತದೆ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಸಿಂಪಡಿಸಿದ ದಿನಾಂಕಗಳನ್ನು ಅದೇ ಹಾಳೆಯಲ್ಲಿ ಬರೆದರೆ, ಸಿಂಪಡಿಸಿದ ಮೇಲೆ ಎಷ್ಟು ಮಳೆ ಬಿತ್ತು, ಮಳೆ ಬಿಡುವು ಕೊಟ್ಟದ್ದು ಎಂದು ಎಂಬುದು ಒಂದೇ ಕಡೆ ಕಾಣುತ್ತದೆ. ಒಂದು ಎಚ್ಚರ: ಮಳೆಗಾಲದಲ್ಲಿ ಡಿಎಚ್‌ಟಿ22 ಒದ್ದೆಯಾಗಿ ದಿನಗಟ್ಟಲೆ 99.9ಕ್ಕೆ ನಿಂತುಬಿಡುತ್ತದೆ. ಮಧ್ಯಾಹ್ನ ಬಿಸಿಲು ಬಂದರೂ ಇಳಿಯದ ತೇವಾಂಶ ಸೆನ್ಸರ್‌ನ ದೋಷ.

ಕಾಫಿಯವರಿಗೆ ಮಾರ್ಚ್, ಏಪ್ರಿಲ್ ಮುಖ್ಯ. ಮೊಗ್ಗು ಅರಳಿಸುವ ಹೂ ಮಳೆ ಎಷ್ಟು ಬಿತ್ತು, ಅದಾಗಿ ಎಷ್ಟು ದಿನಕ್ಕೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬಂತು ಎಂಬ ಎರಡು ಅಂಕಿಗಳನ್ನು ಬ್ಲಾಕ್‌ವಾರು ಇಟ್ಟುಕೊಂಡರೆ ಸ್ಪ್ರಿಂಕ್ಲರ್ ಹಾಕುವ ನಿರ್ಧಾರಕ್ಕೆ ಆಧಾರ ಸಿಗುತ್ತದೆ.

ಹಂತ 8: ಪ್ರತಿ ತಿಂಗಳೂ ತಾನಾಗಿ ಆಗುವಂತೆ

ಗೂಗಲ್ ಶೀಟ್ಸ್ ಬಳಸುವವರು ಇಂಪೋರ್ಟ್‌ಡೇಟಾ ಫಂಕ್ಷನ್‌ಗೆ ಸಿಎಸ್‌ವಿಯ ವಿಳಾಸ ಕೊಟ್ಟರೆ ಹಾಳೆ ತಾನೇ ತುಂಬಿಕೊಳ್ಳುತ್ತದೆ. ಆ ಹಾಳೆಯನ್ನು ಹಂಚಿದರೆ ವಿಳಾಸದಲ್ಲಿರುವ ರೀಡ್ ಕೀಯೂ ಹಂಚಿದಂತೆ ಎಂಬುದು ನೆನಪಿರಲಿ. ಪೈಥಾನ್ ಬಲ್ಲವರಿಗೆ ಪಾಂಡಾಸ್ ಲೈಬ್ರರಿಯ ರೀಸ್ಯಾಂಪಲ್ ಇನ್ನೂ ಸಲೀಸು: 24 ಗಂಟೆಯ ಅವಧಿ, ಆಫ್‌ಸೆಟ್ ಎಂಟೂವರೆ ಗಂಟೆ, ಕ್ಲೋಸ್ಡ್ ಮತ್ತು ಲೇಬಲ್ ಎರಡೂ ಬಲಗಡೆ ಎಂದು ಕೊಟ್ಟರೆ ಹವಾಮಾನ ಇಲಾಖೆಯ ದಿನವೇ ಬರುತ್ತದೆ. ಮೊತ್ತ ತೆಗೆಯುವಾಗ ಕನಿಷ್ಠ ಎಣಿಕೆಯನ್ನೂ ಕೊಡಿ. ಕೊಡದಿದ್ದರೆ ದಾಖಲೆಯೇ ಇಲ್ಲದ ದಿನಕ್ಕೆ ಪಾಂಡಾಸ್ ಸೊನ್ನೆ ಬರೆಯುತ್ತದೆ.

ಹಂತ 9: ಮಾಪಕವನ್ನೇ ಪರೀಕ್ಷಿಸುವುದು

ಹಳೆಯ ಕೈಯಳತೆಯ ಮಾಪಕ ಇದ್ದರೆ ಅದನ್ನು ತೆಗೆಯಬೇಡಿ. ಎರಡರ ದಿನದ ಅಂಕಿಗಳನ್ನು ಅಕ್ಕಪಕ್ಕ ಇಡಿ. ಟಿಪ್ಪಿಂಗ್ ಬಕೆಟ್ ಜಡಿಮಳೆಯಲ್ಲಿ ಸ್ವಲ್ಪ ಕಡಿಮೆ ತೋರಿಸುವುದು ಅದರ ಸ್ವಭಾವ, ಬಟ್ಟಲು ಮಗುಚುವ ಕ್ಷಣದಲ್ಲಿ ಬೀಳುವ ನೀರು ಎಣಿಕೆಗೆ ಸಿಗುವುದಿಲ್ಲ. ಸಣ್ಣ ಮಳೆಯಲ್ಲೂ ದೊಡ್ಡ ವ್ಯತ್ಯಾಸ ಕಂಡರೆ ನೀರು ಸುರಿದು ನೋಡಿ. ಆಲಿಕೆಯ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಆದರೆ 20 ಮಿಲಿಲೀಟರ್ ನೀರು ಒಂದು ಮಿಲಿಮೀಟರ್ ಮಳೆಗೆ ಸಮ. 200 ಮಿಲಿಲೀಟರ್ ನೀರನ್ನು ಅರ್ಧ ಗಂಟೆ ತೆಗೆದುಕೊಂಡು ಹನಿಹನಿಯಾಗಿ ಬಿಟ್ಟರೆ 10 ಮಿಲಿಮೀಟರ್, ಅಂದರೆ 0.2ರ ಮಾಪಕದಲ್ಲಿ 50 ಎಣಿಕೆ ಬರಬೇಕು. 46 ಬಂದರೆ ಪ್ರತಿ ಮಗುಚಿಗೆ 0.2ರ ಬದಲು 0.217 ಎಂದು ತೆಗೆದುಕೊಳ್ಳಿ. ಈ ತಿದ್ದುಪಡಿಯನ್ನು ಬೇರೆ ಕಾಲಂನಲ್ಲಿ ಹಾಕಿ, ಯಾವ ದಿನಾಂಕದಿಂದ ಅನ್ವಯ ಎಂಬುದನ್ನು ಮೊದಲ ಹಂತದ ಹಾಳೆಯಲ್ಲಿ ಬರೆದು, ಪರೀಕ್ಷೆಗೆ ಸುರಿದ 10 ಮಿಲಿಮೀಟರ್ 'ಮಳೆ'ಯನ್ನು ಆ ದಿನದ ಲೆಕ್ಕದಿಂದ ತೆಗೆಯಿರಿ.